ಡಿಟರ್ಜೆಂಟ್ ಶೀಟ್ ನಿಜವಾಗ್ಲೂ ಪ್ಲಾಸ್ಟಿಕ್ ಫ್ರೀನಾ? ನೀರಿಗೆ ಹೋದ್ಮೇಲೆ ಅದು ಏನಾಗುತ್ತೆ?

ನೀಲಿಬಕೆಟ್:
ಎಲ್ರಿಗೂ ನಮಸ್ಕಾರ. ಬಟ್ಟೆ ಒಗೆಯೋಕೆ ಲಿಕ್ವಿಡ್ ಬಿಟ್ಟು ಶೀಟ್ ತಗೊಳ್ಳೋಣ ಅಂತ ಮನೇಲಿ ಮಾತಾಗ್ತಿದೆ. ತೆಳ್ಳಗೆ ಹಾಳೆ ಥರ ಇರುತ್ತಲ್ಲ, ಹರಿದು ಮಷಿನ್‌ಗೆ ಹಾಕಿದ್ರೆ ಕರಗಿಬಿಡುತ್ತೆ, ಅದು. ರಟ್ಟಿನ ಪ್ಯಾಕಲ್ಲಿ ಬರುತ್ತೆ, ಮೇಲೆ ಪ್ಲಾಸ್ಟಿಕ್ ಫ್ರೀ, ಝೀರೋ ವೇಸ್ಟ್, ಬಯೋಡಿಗ್ರೇಡಬಲ್ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ. ಆದ್ರೆ ಪ್ಯಾಕ್ ತಿರುಗಿಸಿ ಒಳಗೆ ಏನೇನಿದೆ ಅಂತ ಓದಿದ್ರೆ ಪಾಲಿವಿನೈಲ್ ಆಲ್ಕೋಹಾಲ್ ಅಂತ ಇದೆ, ಕೆಲವರು ಪಿವಿಎ ಅಂತಾರೆ, ಕೆಲವರು ಪಿವಿಓಎಚ್ ಅಂತಾರೆ. ಇದು ಪೆಟ್ರೋಲಿಯಂನಿಂದ ಬರೋ ಪಾಲಿಮರ್, ಅಂದ್ರೆ ಪ್ಲಾಸ್ಟಿಕ್ ಥರದ ಉದ್ದ ಸರಪಳಿ ವಸ್ತು ಅಂತ ಒಬ್ರು, ಪೂರ್ತಿ ಕರಗಿ ಹೋಗುತ್ತೆ ಏನೂ ತೊಂದ್ರೆ ಇಲ್ಲ ಅಂತ ಇನ್ನೊಬ್ರು. ಎರಡೂ ಕಡೆ ಓದಿ ತಲೆ ಕೆಟ್ಟಿದೆ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಹಸಿರೆಲೆ:
ನಾವು ಶೀಟೇ ಬಳಸೋದು, ನನಗಂತೂ ಇಷ್ಟ. ಲಿಕ್ವಿಡ್ ಅಂದ್ರೆ ಬಹುಪಾಲು ನೀರು ರೀ, ಆ ನೀರನ್ನ ದಪ್ಪ ಪ್ಲಾಸ್ಟಿಕ್ ಕ್ಯಾನಲ್ಲಿ ತುಂಬಿ ಲಾರೀಲಿ ಊರೂರು ಸುತ್ತಿಸ್ತಾರೆ, ನಮ್ಮ ನಲ್ಲೀಲಿ ನೀರು ಇರ್ಬೇಕಾದ್ರೆ ಅದು ಯಾಕೆ ಬೇಕು. ಶೀಟ್ ಒಂದು ಪ್ಯಾಕ್ ಕೈಯಲ್ಲಿ ಹಿಡಿದ್ರೆ ಪುಸ್ತಕದಷ್ಟೂ ಭಾರ ಇಲ್ಲ. ಅಳತೆ ಮೀರಿ ಸುರಿಯೋ ಪ್ರಶ್ನೇನೇ ಬರಲ್ಲ, ಚೆಲ್ಲಲ್ಲ, ಕೊನೇಲಿ ಎಸೆಯೋಕೆ ಉಳಿಯೋದು ಒಂದು ರಟ್ಟು. ಖಾಲಿ ಕ್ಯಾನ್‌ಗಳು ಎಲ್ಲಿ ಹೋಗಿ ಬೀಳ್ತಾವೆ ಅಂತ ನಾವೆಲ್ಲ ನೋಡಿರೋರೇ. ಅದಕ್ಕೆ ಹೋಲಿಸಿದ್ರೆ ಕರಗೋ ಹಾಳೆ ಎಷ್ಟೋ ವಾಸಿ ಅಂತ ನನ್ನ ಅಭಿಪ್ರಾಯ.

ಕೊಳವೆಮಾರ್ಗ:
ಹಸಿರೆಲೆ ಮೇಡಂ ಕ್ಯಾನ್ ಬಗ್ಗೆ ಹೇಳಿದ್ದು ಸರಿ, ಅದನ್ನ ನಾನೂ ಒಪ್ತೀನಿ. ಆದ್ರೆ ನಾನು ಕೆಲಸ ಮಾಡೋದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ, ಮಷಿನ್‌ನಿಂದ ಹೊರಗೆ ಹೋದ ನೀರು ಆಮೇಲೆ ನಮ್ಮ ಹತ್ರಾನೇ ಬರೋದು, ಹಾಗಾಗಿ ಆ ಕಡೆಯಿಂದ ಹೇಳ್ತೀನಿ.

ಪಿವಿಎ ನೀರಲ್ಲಿ ಕರಗುತ್ತೆ, ನಿಜ. ಕರಗೋದು ಅಂದ್ರೆ ಅದರ ಉದ್ದುದ್ದ ಸರಪಳಿಗಳು ಒಂದರಿಂದ ಒಂದು ಬಿಡಿಸಿಕೊಂಡು ನೀರಲ್ಲಿ ಹರಡ್ಕೋತಾವೆ, ಕಣ್ಣಿಗೆ ಕಾಣಲ್ಲ, ಅಷ್ಟೇ. ಸರಪಳಿ ಮಾತ್ರ ಇನ್ನೂ ಇಡಿಯಾಗೇ ಇರುತ್ತೆ. ಉಪ್ಪು ಕರಗಿದ ನೀರಲ್ಲಿ ಉಪ್ಪು ಇದ್ದೇ ಇರುತ್ತಲ್ಲ ಹಾಗೆ. ಬೇಕಿದ್ರೆ ಒಂದು ಶೀಟಿನ ಚೂರನ್ನ ಸ್ವಲ್ಪ ನೀರಲ್ಲಿ ಕರಗಿಸಿ ಗಾಜಿನ ತಟ್ಟೇಲಿ ಹಾಕಿ ಒಣಗೋಕೆ ಬಿಡಿ, ನೀರೆಲ್ಲ ಆರಿದ್ಮೇಲೆ ತಳದಲ್ಲಿ ಅಂಟಂಟಾದ ಪೊರೆ ಉಳಿಯುತ್ತೆ. ಅದರಲ್ಲಿ ಸೋಪಿನ ಅಂಶಾನೂ ಇರುತ್ತೆ ಅನ್ನಿ, ಆದ್ರೆ ಪೊರೆ ಕಟ್ಟೋ ಗುಣ ಪಿವಿಎದು.

ಆ ಸರಪಳೀನ ತುಂಡು ಮಾಡಿ ತಿಂದು ಕಾರ್ಬನ್ ಡೈಆಕ್ಸೈಡು, ನೀರು ಮಾಡೋದು ಬ್ಯಾಕ್ಟೀರಿಯಾ ಕೆಲಸ. ಅದನ್ನ ಮಾಡೋ ಬ್ಯಾಕ್ಟೀರಿಯಾ ಇದಾವೆ, ಸುಡೊಮೊನಾಸ್ ಜಾತಿಯವು ಕೆಲವು ಮಾಡ್ತಾವೆ ಅಂತ 1970ರ ದಶಕದಲ್ಲೇ ಗೊತ್ತಾಗಿದೆ. ಆದ್ರೆ ಸಿಕ್ಕಸಿಕ್ಕಲ್ಲಿ ಸಿಗೋ ಬ್ಯಾಕ್ಟೀರಿಯಾ ಎಲ್ಲಾ ಇದನ್ನ ತಿನ್ನಲ್ಲ, ಮತ್ತೆ ತಿನ್ನೋವೂ ಹೊಂದ್ಕೊಳ್ಳೋಕೆ ಟೈಮ್ ತಗೋತಾವೆ. ನಮ್ಮ ಏರೇಶನ್ ಟ್ಯಾಂಕಲ್ಲಿ, ಅಂದ್ರೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸೋ ತೊಟ್ಟೀಲಿ, ನೀರು ನಿಲ್ಲೋದು ಕೆಲವು ಗಂಟೆ ಅಷ್ಟೇ. ಸ್ಲಡ್ಜನ್ನ, ಅಂದ್ರೆ ತಳಕ್ಕೆ ಕೂರೋ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನ, ವಾಪಸ್ ತಿರುಗಿಸ್ತಾ ಇರ್ತೀವಿ, ಹಾಗಾಗಿ ಅದು ದಿನಗಟ್ಟಲೆ ಇರುತ್ತೆ, ಬ್ಯಾಕ್ಟೀರಿಯಾಗೆ ಹೊಂದ್ಕೊಳ್ಳೋ ಅವಕಾಶ ಅಲ್ಲಿ ಸಿಗುತ್ತೆ. ನೀರಿಗೆ ಮಾತ್ರ ಅಷ್ಟು ಪುರುಸೊತ್ತು ಇಲ್ಲ, ಒಳಗೆ ಬಂತು, ಹೋಯ್ತು. ಹಾಗಾಗಿ ಘಟಕ ಚೆನ್ನಾಗಿ ನಡೀತಿದ್ರೆ ಒಂದು ಪಾಲು ಪಿವಿಎ ಕೊಳೆಯುತ್ತೆ, ಒಂದು ಪಾಲು ಸ್ಲಡ್ಜ್ ಜೊತೆ ಹೋಗುತ್ತೆ, ಉಳಿದಿದ್ದು ನೀರಿನ ಜೊತೆ ಹೊಳೆ ಸೇರುತ್ತೆ. ಯಾವ ಪಾಲು ಎಷ್ಟು ಅನ್ನೋದರ ಮೇಲೇನೇ ಈಗ ಜಗಳ ಇರೋದು.

ನೀಲಿಬಕೆಟ್:
ಸರ್ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಹಾಗಾದ್ರೆ ಪ್ಯಾಕ್ ಮೇಲೆ ಬಯೋಡಿಗ್ರೇಡಬಲ್ ಅಂತ ಹಾಕೋಕೆ ಹೇಗೆ ಬಿಡ್ತಾರೆ?

ಕೊಳವೆಮಾರ್ಗ:
ಓಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯದು 301 ಅಂತ ಒಂದು ಟೆಸ್ಟ್ ಸರಣಿ ಇದೆ. ವಸ್ತುವನ್ನ ಬ್ಯಾಕ್ಟೀರಿಯಾ ಇರೋ ದ್ರವಕ್ಕೆ ಹಾಕಿ 28 ದಿನ ನೋಡ್ತಾರೆ, ಹೊರಬರೋ ಕಾರ್ಬನ್ ಡೈಆಕ್ಸೈಡ್ ಅಳೆಯೋ ಟೆಸ್ಟಲ್ಲಿ 60% ದಾಟಿದ್ರೆ ಪಾಸು. ಡಿಟರ್ಜೆಂಟ್‌ಗೆ ಬಳಸೋ ಪಿವಿಎ ಫಿಲ್ಮ್ ಇದರಲ್ಲಿ ಪಾಸಾಗುತ್ತೆ ಅಂತ ಉದ್ಯಮದವರ ವಾದ. ನಾನು ಹೇಳೋದಿಷ್ಟೇ, ಫ್ಲಾಸ್ಕಲ್ಲಿ 28 ದಿನ, ನಮ್ಮ ಟ್ಯಾಂಕಲ್ಲಿ ಗಂಟೆಗಳು.

ಇನ್ನೊಂದು ವಿಷ್ಯ, ಪ್ಯಾಕ್ ಮೇಲಿನ ಮಾತು ಯಾವುದಕ್ಕೆ ಅನ್ವಯ ಅಂತ ನೋಡ್ಕೊಳ್ಳಿ. ಎಷ್ಟೋ ಸಲ ಅದು ಸರ್ಫ್ಯಾಕ್ಟೆಂಟ್‌ಗೆ, ಅಂದ್ರೆ ಕೊಳೆ ಬಿಡಿಸೋ ನೊರೆಪದಾರ್ಥಕ್ಕೆ ಮಾತ್ರ ಹೇಳಿರ್ತಾರೆ. ಇಡೀ ಹಾಳೆಗಲ್ಲ.

ಹಾಸುಹೊಕ್ಕು:
ನಾ ನೇಯ್ಗಿ ಮಿಲ್ಲಿನ್ಯಾಗ ಕೆಲಸಾ ಮಾಡಾಂವ್ರಿ, ಸೈಜಿಂಗ್ ಸೆಕ್ಷನ್. ಈ ಪಿವಿಎ ನಮಗೇನ್ ಹೊಸಾದಲ್ಲ. ಮಗ್ಗಕ್ಕ ಏರಸೂಕಿಂತ ಮೊದಲ ಹಾಸಿನ ನೂಲಿಗೆ ಗಂಜಿ ಹಾಕ್ತೇವಿ, ಇಲ್ಲಂದ್ರ ಮಗ್ಗದ ಹೊಡತಕ್ಕ ನೂಲು ಪಟಪಟ ಹರೀತಾವ. ಮೊದಲ ಬರೇ ಸ್ಟಾರ್ಚ್ ಇತ್ತು, ಪಾಲಿಸ್ಟರ್ ಮಿಕ್ಸ್ ನೂಲು ಬಂದಮ್ಯಾಲ ಪಿವಿಎ ಬಂತು, ಯಾಕಂದ್ರ ಅದು ಪಾಲಿಸ್ಟರಿಗೆ ಚಲೋ ಹಿಡೀತದ. ನೇಯ್ದಮ್ಯಾಲ ಅದನ್ನೆಲ್ಲಾ ಬಿಸಿನೀರಾಗ ತೊಳದು ತಗೀಬೇಕು, ಡಿಸೈಜಿಂಗ್ ಅಂತಾರ. ಆ ತೊಳದ ನೀರು ಮಿಲ್ಲಿನ ಹೊಲಸು ನೀರು ಶುದ್ಧ ಮಾಡೂ ಎಫ್ಲುಯೆಂಟ್ ಪ್ಲಾಂಟಿಗೆ ಹೋದಾಗ ಸಿಒಡಿ (ನೀರಾಗಿನ ಒಟ್ಟು ಕೊಳಿ ಅಳತಿ) ಒಮ್ಮೆಲೆ ಏರ್ತದ, ಬಿಒಡಿ (ಬ್ಯಾಕ್ಟೀರಿಯಾ ತಿನ್ನೂವಂಥಾ ಕೊಳಿ ಅಳತಿ) ಮಾತ್ರ ಅಷ್ಟು ಏರೂದಿಲ್ಲ. ಅಂದ್ರ ನೀರಾಗ ಮಾಲು ಭಾಳ ಅದ, ಆದ್ರ ಬ್ಯಾಕ್ಟೀರಿಯಾ ಲಗೂನ ತಿನ್ನೂವಂಥಾದ್ದಲ್ಲ. ಸ್ಟಾರ್ಚ್ ಹಂಗಲ್ರಿ, ಅದನ್ನ ಗಬಗಬ ತಿಂದು ಮುಗಸ್ತಾವ.

ಅದಕ್ಕ ದೊಡ್ಡ ಮಿಲ್‌ಗಳು ಅಲ್ಟ್ರಾಫಿಲ್ಟ್ರೇಷನ್ ಮೆಂಬ್ರೇನ್ ಹಾಕಿ ಪಿವಿಎ ಸೋಸಿ ತಗದು ತಿರುಗಿ ಗಂಜಿಗೇ ಬಳಸ್ತಾರ. ಮಿಲ್ಲಿನ್ಯಾಗ ಒಂದ ಕಡೆ ಸಿಗ್ತದ, ಹಿಡೀಬಹುದು. ಮನಿಮನಿ ಮೋರಿಯಿಂದ ಚೂರುಚೂರು ಹರದು ಹೋಗೂದನ್ನ ಯಾರು ಹಿಡೀಬೇಕ್ರಿ? ನನಗ ಕಾಡೂ ಪ್ರಶ್ನೆ ಇದ.

ಮತ್ತ ನಿಮ್ಮ ಶೀಟಿನ್ಯಾಗ ಏನದ ಅಂತ ತಿಳೀಬೇಕಂದ್ರ ನಮ್ಮ ಲ್ಯಾಬಿನ್ಯಾಗ ಮಾಡೂ ಟೆಸ್ಟ್ ಅದ. ಅಯೋಡಿನ್ ಒಂದ ಹಾಕಿದಾಗ ನೀಲಿ ಆದ್ರ ಸ್ಟಾರ್ಚ್. ಅಯೋಡಿನ್ ಜೋಡಿ ಬೋರಿಕ್ ಆಸಿಡ್ ಹಾಕಿದಾಗ ನೀಲಿಹಸರು ಬಣ್ಣ ಬಂದ್ರ ಪಿವಿಎ.

ಪ್ರಶ್ನೆಚಿಹ್ನೆ:
ಎಲ್ರೂ ಒಂದೇ ದಿಕ್ಕಲ್ಲಿ ಹೋಗ್ತಿದೀರಾ ಅನ್ನಿಸ್ತಿದೆ ಹಾಗಾಗಿ ಇನ್ನೊಂದು ಬದಿ ಇಡ್ತೀನಿ. ನಾನು ರಸಾಯನಶಾಸ್ತ್ರ ಪಾಠ ಮಾಡೋನು. ಪಿವಿಎ 1924ರಲ್ಲಿ ಜರ್ಮನಿಯ ಹೆರ್ಮನ್ ಮತ್ತು ಹೇನೆಲ್ ಕಂಡುಹಿಡಿದ ವಸ್ತು, ನೂರು ವರ್ಷ ಆಯ್ತು. ಕಣ್ಣಿನ ಡ್ರಾಪ್ಸ್‌ನಲ್ಲಿದೆ, ಮಾತ್ರೆ ಮೇಲಿನ ಲೇಪದಲ್ಲಿದೆ, ಅಂಟಿನಲ್ಲಿದೆ. ವಿಷದ ಗುಣ ತುಂಬಾ ಕಮ್ಮಿ. ಪಾಲಿಎಥಿಲೀನ್ ಚೀಲದ ಥರ ಚೂರಾಗಿ ಮೀನಿನ ಹೊಟ್ಟೆ ಸೇರೋ ಘನ ಕಣ ಇದಲ್ಲ. ಯುರೋಪಿಯನ್ ಯೂನಿಯನ್ 2023ರಲ್ಲಿ ತಂದ ಮೈಕ್ರೋಪ್ಲಾಸ್ಟಿಕ್ ನಿರ್ಬಂಧದಲ್ಲಿ ಲೀಟರ್ ನೀರಿಗೆ 2 ಗ್ರಾಂಗಿಂತ ಹೆಚ್ಚು ಕರಗೋ ಪಾಲಿಮರ್‌ಗಳನ್ನ ಹೊರಗಿಟ್ಟಿದಾರೆ. ಆ ಲೆಕ್ಕದಲ್ಲಿ ಪಿವಿಎ ಮೈಕ್ರೋಪ್ಲಾಸ್ಟಿಕ್ ಅಲ್ವೇ ಅಲ್ಲ.

ಇನ್ನು ಆ 60% ವಿಷ್ಯ. ಉಳಿದ 40% ಹಾಗೇ ಪ್ಲಾಸ್ಟಿಕ್ ಆಗಿ ಉಳೀತು ಅಂತ ಓದ್ಕೋಬಾರ್ದು, ಬ್ಯಾಕ್ಟೀರಿಯಾ ತಿಂದಿದ್ರಲ್ಲಿ ಒಂದು ಭಾಗ ಅದರ ಮೈಯಾಗಿ ಬೆಳೆಯುತ್ತೆ, ಗ್ಯಾಸಾಗಿ ಹೊರಗೆ ಬರಲ್ಲ, ಅದಕ್ಕೇ ಗೆರೆ ಅಲ್ಲಿ ಎಳೆದಿರೋದು. ಮತ್ತೆ ಎಲ್ಲಾ ಪಿವಿಎ ಒಂದೇ ಅಲ್ಲ. ತಣ್ಣೀರಲ್ಲಿ ಸಲೀಸಾಗಿ ಕರಗೋದು ಸುಮಾರು 88% ಹೈಡ್ರಾಲಿಸಿಸ್ (ಪಿವಿಎ ತಯಾರಿಸುವಾಗ ಅಸಿಟೇಟ್ ಗುಂಪನ್ನ ಆಲ್ಕೋಹಾಲ್ ಆಗಿ ಬದಲಿಸೋ ಹಂತ) ಆಗಿರೋ ಗ್ರೇಡು. 98% ದಾಟಿದ್ದಕ್ಕೆ ಬಿಸಿನೀರೇ ಬೇಕು. ಮಿಲ್ಲಿಗೆ ಬರೋ ಗ್ರೇಡಿನ ಅನುಭವಾನ ಶೀಟಿಗೆ ನೇರವಾಗಿ ಹೊಂದಿಸೋಕಾಗಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ.

ಹಾಸುಹೊಕ್ಕು:
ಬ್ಯಾಸರ ಏನಿಲ್ರಿ ಸರ್, ಗ್ರೇಡ್ ಬ್ಯಾರೆ ಬ್ಯಾರೆ ಇರ್ತಾವ, ಒಪ್ಪಿದೆ. ಆದ್ರ ಸಾಂದ್ರತೆ ನಮ್ಮಲ್ಲಿ ಭಾಳ ಇರ್ತದ, ಅದನ್ನ ತಿನ್ನೂ ಬ್ಯಾಕ್ಟೀರಿಯಾ ಬೆಳಸೂದಾದ್ರೂ ಆಗ್ತದ. ಊರಿನ ಕೊಳಚಿ ನೀರಿನ್ಯಾಗ ಅದು ಪುಡಿಪುಡಿ ಇರ್ತದ, ಬ್ಯಾಕ್ಟೀರಿಯಾಕ್ಕ ಬ್ಯಾರೆ ತಿನಿಸು ಬೇಕಾದಷ್ಟು ಸಿಗೂವಾಗ ಇದರ ಗೊಡವಿಗೆ ಯಾಕ ಹೋಗ್ತಾವ್ರಿ?

ಕೊಳವೆಮಾರ್ಗ:
ಇದು ಒಳ್ಳೇ ಪಾಯಿಂಟ್ ಅಣ್ಣ. ಪ್ರಶ್ನೆಚಿಹ್ನೆ ಸರ್ ಹೇಳಿದ್ದೂ ಸರಿ, ವಿಷ ಅಂತ ಯಾರೂ ಹೆದರಿಸಬಾರದು. ಆದ್ರೆ ಮೈಕ್ರೋಪ್ಲಾಸ್ಟಿಕ್ ಪಟ್ಟೀಲಿ ಇಲ್ಲ ಅಂದ ಮಾತ್ರಕ್ಕೆ ಹೊಳೆಗೆ ಬಿಟ್ರೆ ಪರವಾಗಿಲ್ಲ ಅಂತ ಆಗಲ್ಲ. ಕಣ ಆಗಿದ್ರೆ ಸೋಸಬಹುದಿತ್ತು, ಕರಗಿರೋದನ್ನ ಊರಿನ ಘಟಕದಲ್ಲಿ ಸೋಸೋ ವ್ಯವಸ್ಥೆ ಸಾಮಾನ್ಯವಾಗಿ ಇರೋದೇ ಇಲ್ಲ.

ಇಷ್ಟಕ್ಕೂ ಘಟಕಕ್ಕೆ ಬಂದ್ರೆ ತಾನೇ ಈ ಮಾತೆಲ್ಲ. ವಿಶ್ವಸಂಸ್ಥೆಯ 2021ರ ವರದಿ ಪ್ರಕಾರ ಪ್ರಪಂಚದಲ್ಲಿ ಮನೆಗಳಿಂದ ಹೊರಬರೋ ಕೊಳಚೆ ನೀರಲ್ಲಿ ಸರಿಯಾಗಿ ಶುದ್ಧೀಕರಣ ಆಗೋದು ಸುಮಾರು 56%. ಮಿಕ್ಕಿದ್ದು ಅರೆಬರೆ ಆಗಿಯೋ ಏನೂ ಆಗದೆಯೋ ಹೋಗುತ್ತೆ. ಟೆಸ್ಟು, ಟ್ಯಾಂಕು, ಗಂಟೆ ಲೆಕ್ಕ ಎಲ್ಲಾ ಆ 56%ಗೆ ಮಾತ್ರ.

ಹಸಿರೆಲೆ:
ಸರಿ, ಒಂದು ಕೇಳ್ತೀನಿ. ಪಿವಿಎ ಮುಕ್ಕಾಲು ಪಾಲು ಹಾಗೇ ಹೊರಗೆ ಹೋಗುತ್ತೆ ಅಂತ ಎಲ್ಲಾ ಕಡೆ ಹಂಚ್ಕೋತಾರಲ್ಲ ಆ ಅಧ್ಯಯನ, ಅದಕ್ಕೆ ದುಡ್ಡು ಕೊಟ್ಟಿದ್ದೇ ಪಿವಿಎ ಇಲ್ಲದ ಕ್ಲೀನಿಂಗ್ ಮಾತ್ರೆ ಮಾರೋ ಬ್ಲೂಲ್ಯಾಂಡ್ ಕಂಪನಿ ಅಂತೆ. ಅದನ್ನ ಹೇಗೆ ನಂಬೋದು?

ಪ್ರಶ್ನೆಚಿಹ್ನೆ:
ಹೌದು ಮೇಡಂ, ಅದು 2021ರದ್ದು, ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ರೋಲ್ಸ್ಕಿ ಮತ್ತು ಕೇಲ್ಕರ್ ಬರೆದದ್ದು. ಅಮೆರಿಕದಲ್ಲಿ ಬಟ್ಟೆ, ಪಾತ್ರೆ ಪಾಡ್‌ಗಳಿಂದ (ಸೋಪು ತುಂಬಿದ, ಕರಗೋ ಪಿವಿಎ ಪುಟ್ಟ ಚೀಲ) ವರ್ಷಕ್ಕೆ ಸುಮಾರು 17,200 ಟನ್ ಪಿವಿಎ ಬಳಕೆ ಆಗುತ್ತೆ, 10,500 ಟನ್‌ನಷ್ಟು ಶುದ್ಧೀಕರಣ ಘಟಕಕ್ಕೆ ಬರುತ್ತೆ, ಪಿವಿಎಯಲ್ಲಿ ಸುಮಾರು 61% ಸ್ಲಡ್ಜ್ ದಾರೀಲಿ, 15.7% ನೀರಿನ ದಾರೀಲಿ ಪರಿಸರಕ್ಕೆ ಸೇರುತ್ತೆ ಅಂತ ಅವರ ಅಂದಾಜು. ಇದು ಘಟಕದ ಬಾಗಿಲಲ್ಲಿ ನಿಂತು ನೀರು ಹಿಡಿದು ಅಳೆದದ್ದಲ್ಲ, ಅದುವರೆಗೆ ಬಂದ ಬೇರೆ ಬೇರೆ ಅಧ್ಯಯನಗಳ ಅಂಕಿ ಸೇರಿಸಿ ಮಾಡಿದ ಮಾಡೆಲ್. ಲೆಕ್ಕ ಪಾಡ್‌ಗಳದ್ದು, ಶೀಟ್ ಅದರೊಳಗಿಲ್ಲ ಅನ್ನೋದನ್ನೂ ನೆನಪಿಡಿ. ಆಮೇಲೆ ಅದೇ ಕಂಪನಿ ಪ್ಲಾಸ್ಟಿಕ್ ಪೊಲ್ಯೂಷನ್ ಕೊಯಲಿಷನ್ ಜೊತೆ ಸೇರಿ 2022ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಗೆ ಅರ್ಜಿ ಹಾಕ್ತು, ಪಿವಿಎನ ಸುರಕ್ಷಿತ ಪಟ್ಟಿಯಿಂದ ತೆಗೀರಿ, ಸರಿಯಾಗಿ ಟೆಸ್ಟ್ ಮಾಡಿಸಿ ಅಂತ. ಇಪಿಎ 2023ರ ಏಪ್ರಿಲಲ್ಲಿ ತಳ್ಳಿಹಾಕ್ತು. 2024ರಲ್ಲಿ ನ್ಯೂಯಾರ್ಕ್ ನಗರದ ಕೌನ್ಸಿಲ್‌ನಲ್ಲಿ ಪಿವಿಎ ಇರೋ ಪಾಡು, ಶೀಟು ನಿಷೇಧ ಮಾಡೋ ಮಸೂದೆ ಬಂತು.

ಆದ್ರೆ ದುಡ್ಡಿನ ಪ್ರಶ್ನೆ ಎರಡೂ ಕಡೆ ಕೇಳ್ಬೇಕು. ಪಾಸಾಗುತ್ತೆ ಅಂತ ಹೇಳೋರೂ ಅದನ್ನ ಮಾರೋರೇ.

ಕೊಳವೆಮಾರ್ಗ:
ಸ್ಲಡ್ಜ್ ಅಂದ್ರೆ ಅಲ್ಲಿಗೆ ಕಥೆ ಮುಗೀತು ಅನ್ಕೋಬೇಡಿ, ತುಂಬಾ ಕಡೆ ಅದನ್ನ ಒಣಗಿಸಿ ಹೊಲಕ್ಕೆ ಗೊಬ್ಬರವಾಗಿ ಹಾಕ್ತಾರೆ. ಮಣ್ಣಲ್ಲಿ ಪಿವಿಎ ಕೊಳೆಯೋದು ನೀರಿಗಿಂತ ನಿಧಾನ.

ತಿಳಿನೀರು:
ಎಲ್ಲಾ ಓದಿದೆ, ತುಂಬಾ ಒಳ್ಳೇ ಚರ್ಚೆ. ಆದ್ರೆ ಶೀಟ್ ಕೊಳೆ ತೆಗೆಯುತ್ತಾ ಅನ್ನೋದನ್ನ ಯಾರೂ ಕೇಳ್ಲಿಲ್ವಲ್ಲ. ಪರಿಸರದ ಲೆಕ್ಕಕ್ಕೆ ಅದು ಸೇರದಿದ್ರೆ ಲೆಕ್ಕಾನೇ ತಪ್ಪು. ಒಂದು ಶೀಟಿನ ತೂಕ ಸುಮಾರು 3 ಗ್ರಾಂ ಇರುತ್ತೆ, ಅದರಲ್ಲಿ ಒಂದು ಪಾಲು ಬರೀ ಹಾಳೆ ಕಟ್ಟೋಕೆ ಬೇಕಾದ ಪಿವಿಎ, ಮಿಕ್ಕಿದ್ರಲ್ಲಿ ಕೊಳೆ ಬಿಡಿಸೋ ವಸ್ತು. ಕಲೆ ಒಡೆಯೋ ಎನ್ಜೈಮ್ ಹೆಚ್ಚಿನ ಶೀಟಲ್ಲಿ ಇರೋದೇ ಇಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಟೆಸ್ಟ್ ಮಾಡಿದಾಗ ಶೀಟ್‌ಗಳು ಒಳ್ಳೇ ಲಿಕ್ವಿಡ್‌ಗಳಿಗಿಂತ ತುಂಬಾ ಹಿಂದೆ ಬಿದ್ವು. ಬೆವರು ಬಟ್ಟೆ, ಮೇಲಿನ ಧೂಳು ಹೋಗಬಹುದು, ಅಂಗಿ ಕಾಲರಿನ ಜಿಡ್ಡಿಗೆ ಸಾಲಲ್ಲ. ಜಿಡ್ಡು ಹೋಗದಿದ್ರೆ ಏನ್ಮಾಡ್ತೀವಿ? ಎರಡು ಶೀಟ್ ಹಾಕ್ತೀವಿ, ನೀರು ಬಿಸಿ ಮಾಡ್ತೀವಿ, ಮತ್ತೊಂದ್ಸಲ ಒಗೀತೀವಿ. ಅಲ್ಲಿಗೆ ಲಾರೀಲಿ ಉಳಿಸಿದ್ದು ಹೋಯ್ತು.

ಬಿಸಿನೀರಿನ ವಿಷ್ಯ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಬಿಸಿನೀರಲ್ಲಿ ಒಗೆಯೋ ಮಷಿನ್ ಬಳಸೋ ಕರೆಂಟಲ್ಲಿ ಸುಮಾರು 90% ನೀರು ಕಾಯಿಸೋಕೇ ಹೋಗುತ್ತೆ ಅಂತ ಅಮೆರಿಕ ಸರ್ಕಾರದ ವಿದ್ಯುತ್ ಉಳಿತಾಯ ಯೋಜನೆ ಎನರ್ಜಿ ಸ್ಟಾರ್ ಹೇಳುತ್ತೆ. ಡಿಟರ್ಜೆಂಟಿನ ಹುಟ್ಟಿನಿಂದ ಕೊನೆವರೆಗಿನ ಲೆಕ್ಕ ಹಾಕಿದ ಅಧ್ಯಯನಗಳಲ್ಲೂ ದೊಡ್ಡ ಪಾಲು ಮನೇಲಿ ನೀರು ಕಾಯಿಸೋದು ಮತ್ತೆ ಸಾಮಗ್ರಿ ತಯಾರಿಸೋದು, ಸಾಗಣೆ ಪಾಲು ಚಿಕ್ಕದು. ಶೀಟ್ ಕಂಪನಿಗಳು ಹಿಡ್ಕೊಂಡಿರೋದು ಆ ಚಿಕ್ಕ ಪಾಲನ್ನ, ಮತ್ತೆ ಕ್ಯಾನನ್ನ. ಕ್ಯಾನ್ ಸಣ್ಣ ವಿಷ್ಯ ಅಲ್ಲ, ಅದು ಒಪ್ತೀನಿ. ಆದ್ರೆ ಕ್ಯಾನೂ ಬೇಡ ಪಿವಿಎನೂ ಬೇಡ ಅಂದ್ರೆ ರಟ್ಟಿನ ಡಬ್ಬೀಲಿ ಬರೋ ಪುಡಿ ಇದೆಯಲ್ಲ! ಅದರಲ್ಲೂ ನೀರು ಸಾಗಿಸೋ ಖರ್ಚಿಲ್ಲ, ಹಾಳೆ ಕಟ್ಟೋ ಪಾಲಿಮರ್ ಬೇಡ, ಎನ್ಜೈಮೂ ಇರುತ್ತೆ, ಬಿಳಿ ಬಟ್ಟೆಗೆ ಬ್ಲೀಚ್ ಮಾಡೋ ಪರ್‌ಕಾರ್ಬೊನೇಟೂ ಸಿಗುತ್ತೆ. ಹಳೇ ವಸ್ತು, ಜಾಹೀರಾತು ಮಾಡೋರಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ.

ಹಸಿರೆಲೆ:
ಪುಡಿ ಅಂದ್ರೆ ಫಾಸ್ಫೇಟ್ ಅಲ್ವಾ? ಕೆರೆ ತುಂಬಾ ಪಾಚಿ ಕಟ್ಟೋಕೆ ಅದೇ ಕಾರಣ ಅಂತ ಓದಿದ್ದೆ.

ಪ್ರಶ್ನೆಚಿಹ್ನೆ:
ಒಂದು ಕಾಲಕ್ಕೆ ಹೌದು. ಫಾಸ್ಫೇಟ್ ಪಾಚಿಗೆ ಗೊಬ್ಬರ, ಪಾಚಿ ಸತ್ತು ಕೊಳೆಯುವಾಗ ನೀರಲ್ಲಿರೋ ಆಮ್ಲಜನಕ ಖಾಲಿ, ಮೀನು ಸಾಯ್ತಾವೆ. 1960, 70ರ ದಶಕದಲ್ಲಿ ಈರಿ ಸರೋವರದ ಗತಿ ಅದೇ ಆಗಿದ್ದು. ಯುರೋಪಲ್ಲಿ 2013ರ ಜೂನ್ ಕೊನೆಯಿಂದ ಮನೆಬಳಕೆ ಬಟ್ಟೆ ಡಿಟರ್ಜೆಂಟಲ್ಲಿ ಒಂದು ಸಲದ ಅಳತೆಗೆ ಅರ್ಧ ಗ್ರಾಂ ರಂಜಕದ (ಫಾಸ್ಫರಸ್) ಮಿತಿ ಇದೆ. ಈಗ ತುಂಬಾ ಪುಡಿಗಳಲ್ಲಿ ಅದರ ಜಾಗಕ್ಕೆ ನೀರು ಮೆದು ಮಾಡೋ ಝಿಯೋಲೈಟು, ವಾಷಿಂಗ್ ಸೋಡಾ ಬಂದಿದೆ. ಡಬ್ಬಿ ಮೇಲೆ ಓದಿ ತಗೊಳ್ಳಿ.

ಇದಕ್ಕಿಂತ ಹಿಂದಿನದು ಒಂದು ಹೇಳ್ತೀನಿ, ಈ ಶೀಟ್ ಚರ್ಚೆಗೆ ಅದು ತುಂಬಾ ಹತ್ರ. 1950ರ ದಶಕದ ಡಿಟರ್ಜೆಂಟಲ್ಲಿದ್ದ ಸರ್ಫ್ಯಾಕ್ಟೆಂಟಿನ ಸರಪಳಿ ಕವಲು ಕವಲಾಗಿತ್ತು, ಬ್ಯಾಕ್ಟೀರಿಯಾಗೆ ಅದನ್ನ ಕಡಿಯೋಕೆ ಆಗ್ತಿರ್ಲಿಲ್ಲ. ನೀರಲ್ಲಿ ಕರಗೋದೇನೋ ಚೆನ್ನಾಗೇ ಕರಗ್ತಿತ್ತು! ಆದ್ರೆ ನದಿಗಳ ಮೇಲೆ, ಶುದ್ಧೀಕರಣ ಘಟಕದ ಮೇಲೆ ಬೆಟ್ಟದಷ್ಟು ನೊರೆ ನಿಲ್ತಿತ್ತು. ಜನ ಗಲಾಟೆ ಮಾಡಿದ್ರು, ಜರ್ಮನಿ 1961ರಲ್ಲಿ ಕಾನೂನು ಮಾಡ್ತು, ಅಮೆರಿಕದ ಕಂಪನಿಗಳು 1965ರ ಹೊತ್ತಿಗೆ ತಾವೇ ಬದಲಾದ್ರು, ಕವಲಿಲ್ಲದ ನೇರ ಸರಪಳಿಯ ಎಲ್‌ಎಎಸ್ ಬಂತು, ಅದನ್ನ ಬ್ಯಾಕ್ಟೀರಿಯಾ ತಿನ್ನುತ್ತೆ. ಅಂದ್ರೆ ರಸಾಯನ ಬದಲಾಯಿಸೋಕೆ ಆಗುತ್ತೆ, ಬದಲಾಯಿಸಿದಾರೆ. ಆಗ ನೊರೆ ಕಣ್ಣಿಗೆ ಕಾಣ್ತಿತ್ತು. ಪಿವಿಎ ಕಾಣಲ್ಲ, ಅದೇ ಕಷ್ಟ. ನಾನು ಮೇಲೆ ಅಷ್ಟು ವಾದ ಮಾಡಿದ್ರೂ ಇದೊಂದು ಚಿಂತೆ ನನಗೂ ಇದೆ.

ತಿಳಿನೀರು:
ಸರ್ ಇದು ತುಂಬಾ ಮುಖ್ಯವಾದ ಮಾತು. ಇದರ ಜೊತೆ ಬಟ್ಟೇನೂ ಮರೀಬೇಡಿ. ಪ್ಲಿಮತ್ ಯೂನಿವರ್ಸಿಟಿಯವರ 2016ರ ಅಧ್ಯಯನದಲ್ಲಿ 6 ಕೆಜಿ ಅಕ್ರಿಲಿಕ್ ಬಟ್ಟೆ ಒಂದ್ಸಲ ಒಗೆದ್ರೆ 7 ಲಕ್ಷಕ್ಕಿಂತ ಹೆಚ್ಚು ಎಳೆ ಉದುರಬಹುದು ಅಂತ ಲೆಕ್ಕ ಬಂತು. ಅದು ಕರಗೋ ವಸ್ತು ಅಲ್ಲ, ಪಕ್ಕಾ ಪ್ಲಾಸ್ಟಿಕ್ ಎಳೆ. ಶೀಟಿನ ಬಗ್ಗೆ ಇಷ್ಟು ಯೋಚನೆ ಮಾಡೋ ನಾವು ಒಂದ್ಸಲ ಹಾಕಿದ ಪಾಲಿಸ್ಟರ್ ಜರ್ಕಿನ್ ಸುಮ್ನೆ ಮಷಿನ್‌ಗೆ ಎಸೆಯೋದನ್ನ ನಿಲ್ಲಿಸಿದ್ರೆ ಎಷ್ಟೋ ಉಳಿಯುತ್ತೆ. ಮಷಿನ್ ತುಂಬಿದ್ಮೇಲೆ ಹಾಕಿ, ತಣ್ಣೀರಲ್ಲಿ ಹಾಕಿ, ಕಾಲರ್‌ಗೆ ಮೊದಲೇ ಸ್ವಲ್ಪ ಸೋಪು ಉಜ್ಜಿ.

ನೀಲಿಬಕೆಟ್:
ಎಲ್ರಿಗೂ ಥ್ಯಾಂಕ್ಸ್, ನಾನು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ತು. ನಮ್ಮ ಮನೆ ಮೋರಿ ಸೆಪ್ಟಿಕ್ ಟ್ಯಾಂಕಿಗೆ ಹೋಗೋದು, ದೊಡ್ಡ ಘಟಕ ಏನೂ ಇಲ್ಲ. ಹಾಗಾದ್ರೆ ಶೀಟ್ ಬೇಡ್ವಾ? ಒಂದು ಪ್ಯಾಕ್ ಈಗಾಗ್ಲೇ ತಂದುಬಿಟ್ಟಿದಾರೆ ಮನೇಲಿ.

ಕೊಳವೆಮಾರ್ಗ:
ಸೆಪ್ಟಿಕ್ ಟ್ಯಾಂಕಲ್ಲಿ ಗಾಳಿ ಇರಲ್ಲ, ಗಾಳಿ ಇಲ್ಲದ ಕಡೆ ಪಿವಿಎ ಕೊಳೆಯೋದು ಇನ್ನೂ ನಿಧಾನ. ಅಲ್ಲಿಂದ ಹೊರಗೆ ಹೋದ ನೀರು ನೇರ ಮಣ್ಣಿಗೆ ಇಳಿಯುತ್ತೆ. ನಾನಾಗಿದ್ರೆ ಮುಂದಿನ ಸಲ ತರಲ್ಲ. ತಂದಿರೋದನ್ನ ಕಸಕ್ಕೆ ಎಸೆಯೋದೂ ಬೇಡ, ಕೊಳೆ ಕಮ್ಮಿ ಇರೋ ಬಟ್ಟೆಗೆ ಅರ್ಧರ್ಧ ಹರಿದು ಹಾಕಿ ಮುಗಿಸಿ. ಪಿವಿಎ ಇಲ್ಲ ಅಂತ ಹೇಳ್ಕೊಳ್ಳೋ ಶೀಟೂ ಕೆಲವು ಬಂದಿವೆ, ಆದ್ರೆ ಪಾಲಿಮರ್ ಬೇರೆ ಹೆಸರಲ್ಲಿ ಇದೆಯಾ ಅಂತ ಪಟ್ಟಿ ಓದಿ, ಕಂಪನಿಗೆ ಒಂದು ಮೇಲ್ ಹಾಕಿ. ಟೆಸ್ಟ್ ಮಾಡಿಸಿದ್ದು ಇಡೀ ಹಾಳೆಗಾ ಇಲ್ಲ ಸೋಪಿನ ಅಂಶಕ್ಕೆ ಮಾತ್ರನಾ ಅಂತ ನೇರವಾಗಿ ಕೇಳಿ.

ಹಸಿರೆಲೆ:
ನಾನೂ ಇವತ್ತೇ ನಮ್ಮ ಶೀಟ್ ಕಂಪನಿಗೆ ಬರೀತೀನಿ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.

ಹಾಸುಹೊಕ್ಕು:
ಬರೀರಿ ಅಕ್ಕಾರ. ಯಾವ ಗ್ರೇಡ್ ಪಿವಿಎ ಬಳಸ್ತಾರ ಅಂತನೂ ಕೇಳ್ರಿ, ಅದು ಗೊತ್ತಾದ್ರ ಮುಂದಿಂದು ನಾವೂ ಸರ್ ಕೂಡಿ ನೋಡ್ತೇವಿ.